ಅಲರ್ಜಿ ಇರುವ ಮನೆಗೆ ಪೂಡಲ್ ಕ್ರಾಸ್ ಮರಿ: ಯಾವುದು ತರಬಹುದು, ಯಾವುದು ಬೇಡ

ಮೈಸೂರು, ಮಂಡ್ಯದ ಕಡೆ ನಾಯಿಮರಿ ಮಾರುವವರ ಬಾಯಲ್ಲಿ ಈಗ ಒಂದು ಮಾತು ಸಲೀಸಾಗಿ ಬರುತ್ತದೆ: "ಇದು ಪೂಡಲ್ ಕ್ರಾಸ್ ಸಾರ್, ಕೂದಲು ಉದುರಲ್ಲ, ಅಲರ್ಜಿ ಬರಲ್ಲ." ಗುಂಗುರು ಕೂದಲಿನ ಪೂಡಲ್ ತಳಿಯನ್ನು ಬೇರೆ ತಳಿಗೆ ಕೂಡಿಸಿ ಪಡೆದ ಮರಿ ಅಂತ ಅರ್ಥ. ಮಗುವಿಗೆ ಉಬ್ಬಸ ಇದೆ, ಆದರೂ ಮನೆಗೊಂದು ನಾಯಿ ಬೇಕು ಅನ್ನುವವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಕೂದಲು ಉದುರುವುದಿಲ್ಲ ಅನ್ನುವುದು ಒಳ್ಳೆಯ ಮರಿಯಲ್ಲಿ ಬಹುಪಾಲು ನಿಜ. ಅಲರ್ಜಿ ಬರುವುದಿಲ್ಲ ಅನ್ನುವುದನ್ನು ಮಾತ್ರ ತಳಿಯ ಹೆಸರು ಹೇಳಿ ಯಾರೂ ಬರೆದುಕೊಡಲಾರರು. ಲ್ಯಾಬ್ರಡೂಡಲ್‌ನಿಂದ ಮಾಲ್ಟಿಪೂವರೆಗೆ ಈ ಭಾಗದಲ್ಲಿ ಸಿಗುವ ಮಿಶ್ರತಳಿಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ತಳಿ ಆರಿಸುವುದಕ್ಕೆ ಖರ್ಚು ಮಾಡುವ ಸಮಯದ ನಾಲ್ಕು ಪಟ್ಟು ಸಮಯವನ್ನು ಆ ಒಂದು ಮರಿಯ ಜೊತೆ, ಅದರ ಅಪ್ಪ ಅಮ್ಮನ ಜೊತೆ ಕೂತು ಕಳೆಯಿರಿ.

ಯಾಕೆ ಅಂದರೆ, ನಾಯಿಯ ಅಲರ್ಜಿ ಕೂದಲಿನಿಂದ ಬರುವುದಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಉದುರುವ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಪ್ರೋಟೀನುಗಳು ಅದಕ್ಕೆ ಕಾರಣ. ಇವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಕೂದಲಿಗೆ ಅಂಟಿ ಒಣಗುತ್ತದೆ, ಪುಡಿಯಾಗಿ ಗಾಳಿಗೆ ಬರುತ್ತದೆ. ಕೂದಲು ಅದನ್ನು ಹೊತ್ತು ತರುವ ವಾಹನ ಅಷ್ಟೇ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲರ್ಜಿ ತರುವುದಿಲ್ಲ ಅಂತ ಹೆಸರಾದ ಪೂಡಲ್, ಲ್ಯಾಬ್ರಡೂಡಲ್‌ಗಳ ಕೂದಲಿನಲ್ಲಿ ಕ್ಯಾನ್ ಎಫ್ 1 ಉಳಿದ ನಾಯಿಗಳಿಗಿಂತ ಹೆಚ್ಚೇ ಸಿಕ್ಕಿತು. ಮನೆಯ ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ದೂಳಿನಲ್ಲಿ ಮಾತ್ರ ಅದು ಕಡಿಮೆ ಇತ್ತು. ಈ ಕೊನೆಯ ಅಂಶದಲ್ಲೇ ಪೂಡಲ್ ಕ್ರಾಸ್‌ನ ನಿಜವಾದ ಲಾಭ ಇದೆ. ಉದುರದ ಗುಂಗುರು ಕೂದಲು ಹೊಟ್ಟನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ನೀವು ಅದನ್ನು ತೊಳೆದು ಬಾಚಿ ತೆಗೆದರೆ ಮನೆಗೆ ಹರಡುವುದು ಕಡಿಮೆ. ತೆಗೆಯದಿದ್ದರೆ, ನಡೆದಾಡುವ ಹೊಟ್ಟಿನ ಚೀಲವೊಂದು ಸೋಫಾ ಮೇಲೆ ಮಲಗಿರುತ್ತದೆ.

ಲ್ಯಾಬ್ರಡೂಡಲ್ ಹುಟ್ಟಿದ ಕತೆಯೇ ಇದಕ್ಕೆ ಸಾಕ್ಷಿ. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರಾನ್ 1989ರಲ್ಲಿ ಲ್ಯಾಬ್ರಡಾರ್‌ಗೆ ದೊಡ್ಡ ಗಾತ್ರದ ಸ್ಟಾಂಡರ್ಡ್ ಪೂಡಲ್ ಕೂಡಿಸಿ ಮೂರು ಮರಿ ಪಡೆದರು. ಮೂರರ ಕೂದಲು ಮತ್ತು ಜೊಲ್ಲಿನ ಮಾದರಿ ಹವಾಯಿಗೆ ಹೋಯಿತು. ಆ ಗಂಡನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ ಒಂದು. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಸೂಲು. ಆದರೂ ಎರಡು ಮರಿ ಒಗ್ಗಲಿಲ್ಲ. ಇವತ್ತು ಮರಿ ಮಾರುವವರು ಮೂರಕ್ಕೆ ಮೂರೂ ಒಗ್ಗುತ್ತದೆ ಅನ್ನುತ್ತಿದ್ದಾರೆ.

ಎಫ್1, ಎಫ್1ಬಿ, ಎಫ್2 ಅಂತ ಮಾರುವವರು ಹೇಳುವುದನ್ನು ಕೇಳಿ ಗಾಬರಿಯಾಗಬೇಡಿ. ಎಫ್1 ಅಂದರೆ ಒಂದು ಕಡೆ ಶುದ್ಧ ಪೂಡಲ್, ಇನ್ನೊಂದು ಕಡೆ ಶುದ್ಧ ಲ್ಯಾಬ್, ಕಾಕರ್ ಅಥವಾ ಬೇರೆ ತಳಿ. ಆ ಎಫ್1 ನಾಯಿಯನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಫ್1ಬಿ. ಎಫ್1ಗೆ ಎಫ್1 ಕೂಡಿಸಿದರೆ ಎಫ್2. ಮೂತಿಯ ಮೇಲೆ ಮೀಸೆ, ಗಡ್ಡ, ಹುಬ್ಬು ಬೆಳೆಸುವ ಜೀನ್ ಪೂಡಲ್‌ನಿಂದ ಬರುತ್ತದೆ, ಅದು ಪ್ರಬಲ ಗುಣ. ಒಂದು ಪ್ರತಿ ಇದ್ದರೂ ಸಾಕು, ಮೀಸೆ ಬರುತ್ತದೆ, ಉದುರುವುದೂ ಕಡಿಮೆಯಾಗುತ್ತದೆ. ಎಫ್2ನಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನ್ ಸಿಗುವುದೇ ಇಲ್ಲ. ಅದರ ಮೂತಿ ಲ್ಯಾಬ್ ಮೂತಿಯ ಹಾಗೆ ನುಣ್ಣಗಿರುತ್ತದೆ, ದೊಡ್ಡದಾದ ಮೇಲೆ ಚೆನ್ನಾಗಿ ಕೂದಲು ಉದುರಿಸುತ್ತದೆ. ಎಂಟು ವಾರದ ಮರಿಯನ್ನು ಕೈಗೆತ್ತಿಕೊಂಡಾಗ ಕಣ್ಣಿನ ಕೆಳಗಿಂದ ಮೂಗಿನವರೆಗೆ ಬೆರಳಾಡಿಸಿ ನೋಡಿ. ಅಲ್ಲಿ ಕೂದಲು ಕೆದರಿಕೊಂಡು ಎದ್ದಿದ್ದರೆ ಸರಿ. ನಯವಾಗಿ ಹಿಂದಕ್ಕೆ ಮಲಗಿದ್ದರೆ, ಮಾರುವವರು ಏನೇ ಹೇಳಲಿ, ಅಲರ್ಜಿ ಮನೆಗೆ ಆ ಮರಿ ಬೇಡ.

ಲ್ಯಾಬ್ರಡೂಡಲ್, ಗೋಲ್ಡನ್‌ಡೂಡಲ್. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳ ಪೂಡಲ್ ಕ್ರಾಸ್. ದೊಡ್ಡವು. ಸ್ಟಾಂಡರ್ಡ್ ಪೂಡಲ್‌ನಿಂದ ಬಂದದ್ದಾದರೆ 25ರಿಂದ 30 ಕೆ.ಜಿ. ದಾಟಬಹುದು. ಬುದ್ಧಿ ಚುರುಕು, ಮಕ್ಕಳ ಜೊತೆ ಪ್ರೀತಿ, ಆದರೆ ದಿನಕ್ಕೆ ಒಂದು ಗಂಟೆಯಾದರೂ ಓಡದೆ ಇದ್ದರೆ ಚಪ್ಪಲಿ, ಬಾಗಿಲು, ಸೋಫಾ ಯಾವುದೂ ಉಳಿಯುವುದಿಲ್ಲ. ಕುವೆಂಪುನಗರ, ಸರಸ್ವತಿಪುರಂನ 30-40 ಅಳತೆಯ ಸೈಟಿನ ಮನೆಗೆ ಇದನ್ನು ನಾವು ಶಿಫಾರಸು ಮಾಡುವುದಿಲ್ಲ. ಮಂಡ್ಯದ ಆಚೆ ತೋಟದ ಮನೆ ಇದ್ದವರಿಗೆ ಜಾಗ ಇದೆ, ಆದರೆ ಅಲ್ಲಿ ಕಷ್ಟ ಬೇರೆ: ನಾಲೆಯಲ್ಲಿ ಈಜಿ, ಬದುವಿನ ಮೇಲೆ ಓಡಿ ಬಂದ ತುಪ್ಪಟಕ್ಕೆ ಉತ್ತರಾಣಿ ಕಡ್ಡಿ, ಮುಳ್ಳುಬೀಜ ಕಚ್ಚಿಕೊಂಡು ಎರಡೇ ದಿನಕ್ಕೆ ಗಂಟು ಗಂಟಾಗುತ್ತದೆ. ಹುಲ್ಲಿನ ಬೀಜ ಬೆರಳ ಸಂದಿಯಲ್ಲಿ ಚರ್ಮದೊಳಕ್ಕೆ ಇಳಿದರೆ ಕೀವಾಗುತ್ತದೆ. ಕಾಲು ಎತ್ತಿ ಎತ್ತಿ ಇಡುವ ನಾಯಿಯ ಬೆರಳ ಸಂದಿಯನ್ನು ಮೊದಲು ನೋಡಿ.

ಕಾಕಪೂ. ಕಾಕರ್ ಸ್ಪ್ಯಾನಿಯಲ್ ಮತ್ತು ಸಣ್ಣ ಗಾತ್ರದ ಮಿನಿಯೇಚರ್ ಅಥವಾ ಟಾಯ್ ಪೂಡಲ್. 1960ರ ದಶಕದಿಂದಲೂ ಸಾಕಿ ಬಂದಿರುವ ಕ್ರಾಸ್ ಇದು. ಸಾಮಾನ್ಯವಾಗಿ 6ರಿಂದ 12 ಕೆ.ಜಿ. ಒಳಗೆ ನಿಲ್ಲುತ್ತದೆ, ಎತ್ತಿಕೊಂಡು ಹೋಗಿ ಸ್ನಾನ ಮಾಡಿಸಬಹುದು. ಅಲರ್ಜಿ ಮನೆಗೆ ಈ ಎತ್ತುವ ಮಾತು ಸಣ್ಣದಲ್ಲ, ವಾರಕ್ಕೆ ಎರಡು ಸಲ ಎತ್ತಬೇಕು. ಮೈಸೂರಿನ ಮಧ್ಯಮ ವರ್ಗದ ಕುಟುಂಬಕ್ಕೆ ಮಿಶ್ರತಳಿಗಳಲ್ಲಿ ನಮ್ಮ ಮೊದಲ ಆಯ್ಕೆ ಇದೇ. ದೋಷ ಕಿವಿಯಲ್ಲಿದೆ. ಕಾಕರ್‌ನ ಜೋತುಬಿದ್ದ ಕಿವಿ, ಪೂಡಲ್‌ನ ಕಿವಿಯೊಳಗೆ ಬೆಳೆಯುವ ಕೂದಲು, ಎರಡೂ ಸೇರಿ ಮಳೆಗಾಲದಲ್ಲಿ ಒಳಗೆ ಗಾಳಿಯೇ ಆಡುವುದಿಲ್ಲ. ಹುಳಿ ವಾಸನೆ, ಕಂದು ಮೇಣ, ತಲೆ ಒದರುವುದು ಶುರುವಾದರೆ ಎಣ್ಣೆ ಬಿಡುವ ಮನೆಮದ್ದು ಬೇಡ, ಪಶುವೈದ್ಯರಿಗೆ ತೋರಿಸಿ.

ಕವಪೂ. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ನ ಕ್ರಾಸ್. ಸ್ವಭಾವದಲ್ಲಿ ಇದಕ್ಕಿಂತ ಮೃದು ನಾಯಿ ಸಿಗುವುದು ಕಷ್ಟ, ಅಜ್ಜಿಯ ಕಾಲ ಹತ್ತಿರ ಇಡೀ ದಿನ ಕೂರುತ್ತದೆ. ಆದರೆ ವಯಸ್ಸಾಗುತ್ತಾ ಹೃದಯದ ಕವಾಟ ಕೆಡುವುದು ಕವಲಿಯರ್ ತಳಿಯ ದೊಡ್ಡ ದೌರ್ಬಲ್ಯ. ತಾಯಿನಾಯಿಯ ಹೃದಯವನ್ನು ಪಶುವೈದ್ಯರು ಪರೀಕ್ಷಿಸಿದ ದಾಖಲೆ ಇಲ್ಲದೆ ತೆಗೆದುಕೊಳ್ಳಬೇಡಿ.

ಮಾಲ್ಟಿಪೂ, ಶಿಹ್‌ಪೂ. ಮಾಲ್ಟೀಸ್, ಶಿಹ್ ತ್ಸು ಎಂಬ ಪುಟ್ಟ ತಳಿಗಳ ಪೂಡಲ್ ಕ್ರಾಸ್. ಫ್ಲ್ಯಾಟಿಗೆ ಚೆನ್ನ. ಮೂಳೆ ಸಣ್ಣ, ಐದು ವರ್ಷದೊಳಗಿನ ಮಗು ಇರುವ ಮನೆಗೆ ಬೇಡ. ಮಂಚದಿಂದ ಕೆಳಕ್ಕೆ ಹಾರಿದರೆ ಕಾಲು ಮುರಿಯಬಹುದು. ಮೋಸ ಹೆಚ್ಚಾಗಿ ನಡೆಯುವುದೂ ಇಲ್ಲೇ. ಬೆಳ್ಳಗಿನ ಪಮೇರಿಯನ್ ಅಥವಾ ಸ್ಪಿಟ್ಜ್ ಮರಿಯನ್ನು ಮಾಲ್ಟಿಪೂ ಅಂತ ದಾಟಿಸುತ್ತಾರೆ. ಪಮೇರಿಯನ್‌ಗೆ ಒಳಗೊಂದು ಹೊರಗೊಂದು ಎರಡು ಪದರ ಕೂದಲು, ಅದು ಯಥೇಚ್ಛ ಉದುರುತ್ತದೆ. ಕಿವಿ ನಿಮಿರಿ ನಿಂತಿದ್ದರೆ, ಮೂತಿ ನುಣ್ಣಗೆ ಚೂಪಾಗಿದ್ದರೆ ಅದು ಮಾಲ್ಟಿಪೂ ಅಲ್ಲ. ಕೆಸಿಐ ಸರ್ಟಿಫಿಕೇಟ್ ಇರುವ ಮಾಲ್ಟಿಪೂ ಅಂತ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೆನಲ್ ಕ್ಲಬ್ ಆಫ್ ಇಂಡಿಯಾ ಶುದ್ಧ ತಳಿಗಳನ್ನು ನೋಂದಾಯಿಸುತ್ತದೆ, ಇಂಥ ಕ್ರಾಸ್‌ಗಳನ್ನಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಉದುರದ ಕೂದಲೇ ನಿಮಗೆ ಮುಖ್ಯ ಅನ್ನುವುದಾದರೆ ಕ್ರಾಸ್ ಯಾಕೆ? ಶುದ್ಧ ಮಿನಿಯೇಚರ್ ಪೂಡಲ್ ಎಷ್ಟು ಬೆಳೆಯುತ್ತದೆ, ಕೂದಲು ಹೇಗೆ ಬರುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಕ್ರಾಸ್‌ನಲ್ಲಿ ಅದು ಗೊತ್ತಾಗುವುದು ವರ್ಷ ಕಳೆದ ಮೇಲೆ. ಕ್ರಾಸ್ ನಾಯಿಗೆ ಕಾಯಿಲೆ ಬರುವುದಿಲ್ಲ ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಣ್ಣಿನ ಒಳಪರದೆ ನಿಧಾನವಾಗಿ ಸತ್ತು ಕುರುಡಾಗಿಸುವ ಪಿಆರ್‌ಎ ಕಾಯಿಲೆಯ ಒಂದೇ ಜೀನ್ ಪೂಡಲ್‌ನಲ್ಲೂ ಇದೆ, ಕಾಕರ್‌ನಲ್ಲೂ ಇದೆ, ಲ್ಯಾಬ್‌ನಲ್ಲೂ ಇದೆ. ಅಪ್ಪ ಅಮ್ಮ ಇಬ್ಬರೂ ಅದನ್ನು ಹೊತ್ತಿದ್ದರೆ, ನೋಡಲು ಎರಡೂ ಆರೋಗ್ಯವಾಗಿದ್ದರೂ, ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ. ಡಿಎನ್‌ಎ ಪರೀಕ್ಷೆ ಇಬ್ಬರಿಗೂ ಆಗಿರಬೇಕು. ದೊಡ್ಡ ಡೂಡಲ್‌ಗಳಲ್ಲಿ ಸೊಂಟದ ಕೀಲಿನ ಎಕ್ಸ್‌ರೇ, ಚಿಕ್ಕವುಗಳಲ್ಲಿ ಮಂಡಿಚಿಪ್ಪು ಜಾರುತ್ತದೆಯೇ ಎಂಬ ಪರೀಕ್ಷೆ ಕೇಳಿ.

ಮರಿ ನೋಡಲು ಹೋಗುವ ಮೊದಲು ಮನೆಯವರ ಪರೀಕ್ಷೆ ಆಗಬೇಕು. ಅಲರ್ಜಿ ತಜ್ಞರ ಹತ್ತಿರ ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದಲ್ಲಿ ಅಲರ್ಜಿಯ ಗುರುತು ಹುಡುಕುವ ಐಜಿಇ ಪರೀಕ್ಷೆ ಮಾಡಿಸಿ. ಚುಚ್ಚು ಪರೀಕ್ಷೆಗೆ ಸುಮಾರು ಒಂದು ವಾರ ಮೊದಲಿನಿಂದ ಸೆಟಿರಿಜಿನ್‌ನಂಥ ಮಾತ್ರೆ ನಿಲ್ಲಿಸಬೇಕಾಗುತ್ತದೆ; ಉಬ್ಬಸದ ಇನ್‌ಹೇಲರ್ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಎಷ್ಟೋ ಸಲ ಇಲ್ಲಿಯ ಸೀನಿಗೆ ಕಾರಣ ನಾಯಿಯೇ ಆಗಿರುವುದಿಲ್ಲ. ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಪರಾಗ, ಹಳೆಯ ಹತ್ತಿ ಹಾಸಿಗೆಯ ದೂಳುಹುಳ, ಜಿರಳೆ, ಮಂಡ್ಯದ ಕಡೆ ಒಕ್ಕಣೆಯ ದೂಳು, ಆಲೆಮನೆ ಹೊಗೆ, ಇವೂ ಸಾಲಾಗಿ ನಿಂತಿವೆ. ಕಾಂಗ್ರೆಸ್ ಗಿಡ ಆಗದವರ ಮನೆಯಲ್ಲಿ ಗುಂಗುರು ಕೂದಲಿನ ನಾಯಿ ಇನ್ನೊಂದು ತೊಂದರೆ ತರುತ್ತದೆ: ವಾಕಿಂಗ್ ಹೋಗಿ ಬಂದಾಗ ಪರಾಗವನ್ನು ಮೈತುಂಬ ಹೊತ್ತು ತರುತ್ತದೆ. ಹೊರಗಡೆಯೇ ಒದ್ದೆ ಬಟ್ಟೆಯಲ್ಲಿ ಕಾಲು, ಹೊಟ್ಟೆ, ಮುಖ ಒರೆಸಿ ಒಳಗೆ ಬಿಡಬೇಕು.

ರಕ್ತ ಪರೀಕ್ಷೆಯಲ್ಲಿ ಕ್ಯಾನ್ ಎಫ್ 5 ಅನ್ನುವುದನ್ನೂ ಕೇಳಿ ನೋಡಿ. ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವ ಪ್ರೋಟೀನ್ ಅದು. ಅದೊಂದಕ್ಕೇ ಅಲರ್ಜಿ ಇದ್ದು ಉಳಿದವಕ್ಕೆ ಇಲ್ಲದವರು ಹೆಣ್ಣುನಾಯಿಯ ಜೊತೆ ತೊಂದರೆಯಿಲ್ಲದೆ ಇರುವ ಸಾಧ್ಯತೆ ಇದೆ. ತಳಿ ಬದಲಿಸುವುದಕ್ಕಿಂತ ಹೆಣ್ಣುಮರಿ ಆರಿಸುವುದರಿಂದಲೇ ಕೆಲಸ ಆಗುವ ಇಂಥ ಮನೆಗಳಿಗೆ ಆ ಮಾತನ್ನು ಹೇಳುವವರೇ ಕಡಿಮೆ.

ಆಮೇಲೆ ಮರಿಯ ಭೇಟಿ. ಕನಿಷ್ಠ ಮೂರು ಸಲ, ಬೇರೆ ಬೇರೆ ದಿನ, ಒಂದೊಂದು ಗಂಟೆ. ಬಯಲಿನಲ್ಲಿ ಅಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಅಲರ್ಜಿ ಇರುವವರೇ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ನೆಕ್ಕಿಸಿಕೊಂಡು, ಆಮೇಲೆ ಅರ್ಧ ಗಂಟೆ ಕಾಯಬೇಕು. ನೆಕ್ಕಿದ ಜಾಗ ಕೆಂಪಾಗಿ ದದ್ದು ಏಳುತ್ತದೆಯೇ, ಕಣ್ಣು ತುರಿಸುತ್ತದೆಯೇ, ರಾತ್ರಿ ಕೆಮ್ಮು ಬರುತ್ತದೆಯೇ ಬರೆದಿಟ್ಟುಕೊಳ್ಳಿ. ಅಂದು ಮರಿಗೆ ಸ್ನಾನ ಮಾಡಿಸಿರಬಾರದು, ಅದನ್ನು ಮೊದಲೇ ಹೇಳಿ. ಮರಿಗಿಂತ ಹೆಚ್ಚು ಹೊತ್ತು ತಾಯಿಯ ಜೊತೆ, ಸಾಧ್ಯವಿದ್ದರೆ ತಂದೆಯ ಜೊತೆ ಕೂರಿ. ಮರಿಯ ಮೈಯಲ್ಲಿ ಇವತ್ತು ಇರುವ ಹೊಟ್ಟು ನಾಳೆ ದೊಡ್ಡದಾದಾಗಿನ ಲೆಕ್ಕ ಕೊಡುವುದಿಲ್ಲ. ತಾಯಿಯ ಮೈ ಒರೆಸಿದ ಹಳೆಯ ಪಂಚೆ ತುಂಡೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದು, ಅಲರ್ಜಿ ಇರುವವರು ಸಂಜೆ ಕೂರುವ ಜಾಗದಲ್ಲಿ ಎರಡು ಮೂರು ದಿನ ಇಟ್ಟು ನೋಡಬಹುದು. ತೀವ್ರ ಉಬ್ಬಸ ಇರುವ ಮಗುವಿನ ಮೇಲೆ ಈ ಪ್ರಯೋಗ ಬೇಡ, ವೈದ್ಯರನ್ನು ಕೇಳದೆ ನಾಯಿಯೂ ಬೇಡ.

ಕಾನೂನು ನಿಮ್ಮ ಪರ ಇದೆ, ಬಳಸಿಕೊಳ್ಳಿ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಐದನೇ ವಾರಕ್ಕೇ ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುತ್ತೇವೆ ಅನ್ನುವವರ ಹತ್ತಿರ ವ್ಯವಹಾರವೇ ಬೇಡ. ಅಷ್ಟು ಬೇಗ ತಾಯಿಯಿಂದ ಬಿಡಿಸಿದ ಮರಿ ಕಚ್ಚುವುದರ ಅಳತೆ ಕಲಿತಿರುವುದಿಲ್ಲ, ಪಾರ್ವೋ ಎಂಬ ಮಾರಕ ವಾಂತಿಭೇದಿ ರೋಗಕ್ಕೂ ಸುಲಭವಾಗಿ ತುತ್ತಾಗುತ್ತದೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್. ಪುಸ್ತಕದಲ್ಲಿ ಲಸಿಕೆಯ ಬಾಟಲಿಯ ಸ್ಟಿಕರ್ ಅಂಟಿಸಿರಬೇಕು, ವೈದ್ಯರ ಸಹಿ ಇರಬೇಕು. ಬರೀ ಪೆನ್ನಿನಲ್ಲಿ ದಿನಾಂಕ ಬರೆದಿದ್ದರೆ ನಂಬಬೇಡಿ.

ಮನೆಗೆ ಬಂದ ಮೇಲೆ ಗೆಲುವು ಸೋಲು ತೀರ್ಮಾನವಾಗುವುದು ಬಚ್ಚಲಲ್ಲಿ. ಸ್ನಾನ ಮಾಡಿಸಿದರೆ ಮೈಮೇಲಿನ ಕ್ಯಾನ್ ಎಫ್ 1 ಚೆನ್ನಾಗಿ ಇಳಿಯುತ್ತದೆ, ಆದರೆ ಕೆಲವೇ ದಿನದಲ್ಲಿ ಮತ್ತೆ ಏರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಮಾಡಿಸುವುದರಿಂದ ಅಲರ್ಜಿಗೆ ಏನೂ ಉಪಯೋಗವಿಲ್ಲ, ವಾರಕ್ಕೆ ಎರಡು ಸಲ ಬೇಕು. ಮೈ ಒಣಗದ ಹಾಗೆ ನಾಯಿಯದೇ ಸೌಮ್ಯ ಶಾಂಪೂವನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿಸಿ. ನಮ್ಮ ಸೋಪು, ಸೀಗೆಕಾಯಿ, ಕ್ರಿಮಿನಾಶಕ ದ್ರಾವಣ ಬೇಡ. ಚರ್ಮ ಒಣಗಿದಷ್ಟೂ ಹೊಟ್ಟು ಹೆಚ್ಚು.

ಬಾಚುವುದು ಸ್ನಾನಕ್ಕೆ ಮೊದಲು. ಇದನ್ನು ತಿರುಗುಮುರುಗು ಮಾಡಿದರೆ ಗಂಟು ನೀರು ಕುಡಿದು ಬಿಗಿದು ಜಡೆಗಟ್ಟುತ್ತದೆ, ಆಮೇಲೆ ಕತ್ತರಿಸದೆ ಬಿಡಿಸಲಾಗದು. ನಾಯಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು ಚರ್ಮದ ಗೆರೆಯೊಂದು ಕಾಣುವ ಹಾಗೆ ಬೈತಲೆ ತೆಗೆಯಿರಿ. ಆ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಕೂದಲನ್ನು ಕೆಳಕ್ಕೆ ಬಿಡುತ್ತಾ ಸಣ್ಣ ತಂತಿಹಲ್ಲುಗಳ ಸ್ಲಿಕರ್ ಬ್ರಷ್‌ನಲ್ಲಿ ಬಾಚಿ, ಮತ್ತೆ ಅರ್ಧ ಅಂಗುಲ ಮೇಲೆ ಇನ್ನೊಂದು ಗೆರೆ. ಕೊನೆಗೆ ಉಕ್ಕಿನ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು. ಮೇಲೆ ಮೇಲೆ ಬ್ರಷ್ ಆಡಿಸಿದರೆ ಹೊರಗೆ ರೇಷ್ಮೆಯ ಹಾಗೆ ಕಾಣುತ್ತದೆ, ಒಳಗೆ ಚರ್ಮಕ್ಕೆ ಹತ್ತಿ ಕಂಬಳಿಯೇ ನೆಯ್ದಿರುತ್ತದೆ. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಕೊರಳಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿ. ರಕ್ತ ಹೀರುವ ಉಣ್ಣೆಹುಳ ಅಡಗುವುದೂ ಅಲ್ಲೇ, ಇಲ್ಲಿಯ ಉಣ್ಣೆಜ್ವರ ನಾಯಿಯ ಜೀವ ತೆಗೆಯುತ್ತದೆ. ಈ ಬಾಚುವ ಕೆಲಸ ಅಲರ್ಜಿ ಇಲ್ಲದವರದ್ದು, ಜಾಗ ಹಿತ್ತಿಲು ಅಥವಾ ಟೆರೇಸು, ಮೂಗಿಗೆ ಮಾಸ್ಕು.

ಆರರಿಂದ ಎಂಟು ವಾರಕ್ಕೊಮ್ಮೆ ಕೂದಲು ಕತ್ತರಿಸಬೇಕು. ವರ್ಷಕ್ಕೆ ಏಳೆಂಟು ಸಲ, ಹದಿಮೂರು ವರ್ಷ ಬದುಕುವ ನಾಯಿಗೆ ಸುಮಾರು ನೂರು ಸಲ. ಮರಿಯ ಬೆಲೆ ಕೇಳುವ ಮೊದಲು ಊರಿನ ಗ್ರೂಮಿಂಗ್ ಅಂಗಡಿಯ ದರ ಕೇಳಿ ನೂರರಿಂದ ಗುಣಿಸಿ. ಅಂಗಡಿಯವರಿಗೆ "ಚೆನ್ನಾಗಿ ಮಾಡಿ" ಅಂದರೆ ಸಾಲದು, ಬ್ಲೇಡ್ ಸಂಖ್ಯೆ ಹೇಳಿ: 4ಎಫ್ ಸುಮಾರು 9 ಮಿ.ಮೀ. ಕೂದಲು ಉಳಿಸುತ್ತದೆ, 7ಎಫ್ ಸುಮಾರು 3 ಮಿ.ಮೀ. ಅಲರ್ಜಿ ಮನೆಗೆ 4ಎಫ್ ಹದವಾದದ್ದು, ತೊಳೆಯಲು ಸುಲಭ, ಏಪ್ರಿಲ್ ಬಿಸಿಲಿಗೂ ಚರ್ಮ ಸುಡುವುದಿಲ್ಲ. ಬ್ಲೇಡ್ ಕಾದರೆ ಹೊಟ್ಟೆಯ ಚರ್ಮ ಕೆಂಪಾಗುತ್ತದೆ. ನಡುನಡುವೆ ನಿಲ್ಲಿಸಿ ಬ್ಲೇಡನ್ನು ಕೈಗೆ ಮುಟ್ಟಿಸಿ ನೋಡುವ ಅಂಗಡಿ ಒಳ್ಳೆಯ ಅಂಗಡಿ.

ಮನೆಯೊಳಗಿನ ನಿಯಮ ಎರಡೇ. ಮಲಗುವ ಕೋಣೆಗೆ ನಾಯಿಗೆ ಪ್ರವೇಶವಿಲ್ಲ, ಮೊದಲ ದಿನದಿಂದಲೇ; ಒಂದು ರಾತ್ರಿ ಅಳುತ್ತದೆ ಅಂತ ಕರೆದರೆ ಮುಗಿಯಿತು. ಪೊರಕೆಯಲ್ಲಿ ಗುಡಿಸಿದರೆ ಹೊಟ್ಟು ಎದ್ದು ಗಂಟೆಗಟ್ಟಲೆ ಗಾಳಿಯಲ್ಲಿರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಮ್ಮ ರೆಡ್ ಆಕ್ಸೈಡ್, ಮೊಸಾಯಿಕ್ ನೆಲ ಈ ವಿಷಯದಲ್ಲಿ ಕಾರ್ಪೆಟ್ ಹಾಸಿದ ನೆಲಕ್ಕಿಂತ ನೂರು ಪಾಲು ವಾಸಿ.

ಎಂಟರಿಂದ ಹನ್ನೆರಡು ತಿಂಗಳ ನಡುವೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುತ್ತದೆ. ಎರಡೂ ಹೆಣೆದುಕೊಂಡು ದಿನಾ ಬಾಚಿದರೂ ಗಂಟು ಬೀಳುವ ಕಾಲ ಅದು. ಅಲ್ಲಿಯವರೆಗೆ ಚೆನ್ನಾಗಿದ್ದ ಮನೆಯಲ್ಲಿ ಸೀನು ಮತ್ತೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಆಗಲೇ. ಆಗ ಕೂದಲನ್ನು ಗಿಡ್ಡ ಮಾಡಿಸಿ, ಸ್ನಾನ ಎರಡು ಸಲ ತಪ್ಪುತ್ತಿಲ್ಲವೇ ನೋಡಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಸಿ, ಆರು ವಾರ ಕಾಯಿರಿ. ಆಮೇಲೂ ಇನ್‌ಹೇಲರ್ ಬಳಕೆ ಏರುತ್ತಲೇ ಇದ್ದರೆ ಆ ನಾಯಿ ಆ ಮನೆಗೆ ಒಗ್ಗಲಿಲ್ಲ. ಇದನ್ನು ಮುಂದಾಗಿಯೇ ಯೋಚಿಸಿ, ಮರಿ ಕೊಳ್ಳುವ ದಿನವೇ ಮಾರುವವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಅಲರ್ಜಿಯಿಂದ ಇಟ್ಟುಕೊಳ್ಳಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ವಾಪಸ್ ಪಡೆಯುತ್ತೇನೆ ಅಂತ. ದುಡ್ಡು ವಾಪಸ್ ಬರದಿದ್ದರೂ ಪರವಾಗಿಲ್ಲ, ನಾಯಿಗೆ ಹೋಗಲು ಒಂದು ಜಾಗ ಇರಬೇಕು. ಬರೆದುಕೊಡಲು ಒಪ್ಪದವರಿಂದ ಮರಿ ತರಬೇಡಿ. ತರುವ ಮೊದಲೇ ಅಲರ್ಜಿ ಇಲ್ಲದ ನೆಂಟರೊಬ್ಬರನ್ನೂ ಕೇಳಿ ಒಪ್ಪಿಸಿಡಿ. ಗುಂಗುರು ಕೂದಲಿನ ನಾಯಿಯನ್ನು ಬೀದಿಗೆ ಬಿಟ್ಟರೆ ಅದು ಒಂದು ಮಳೆಗಾಲ ತಡೆಯುವುದಿಲ್ಲ. ಎರಡು ತಿಂಗಳಲ್ಲಿ ಮೈಯೆಲ್ಲ ಜಡೆಗಟ್ಟಿ, ಕೆಳಗಿನ ಚರ್ಮ ಕೊಳೆತು ಹುಳ ಬೀಳುತ್ತದೆ.